ಅಕ್ಕೋರ ಹೆಸರಿನ ಪುಸ್ತಕ

ಅಕ್ಕೋರು ತೀರಿಕೊಂಡ ಸುದ್ದಿ ತಂದವನು ನಗುತ್ತಿದ್ದ. ಲಿಂಗಸುಗೂರಿನಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದ ಸೆಂಟರಿನ ಬಾಗಿಲಲ್ಲಿ ನಿಂತು, "ಸಿಂಧನೂರಾಗ ಟೈಪಿಂಗ್ ಅಕ್ಕೋರು ಹೋದ್ರಂತಪ್ಪ. ಇನ್ನ ಯಮಧರ್ಮನ ಬೆರಳು ಉಳಿಯೂದಿಲ್ಲ" ಎಂದ. ಅವನು ಸಾಲಗುಂದದವನು. ನನ್ನ ಜೊತೆಗೇ ಅವರ ಹತ್ತಿರ ಟೈಪಿಂಗ್ ಕಲಿತು ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ಅವನ ಮನೆಯ ಒಲೆ ಉರಿಯುತ್ತಿದ್ದುದು ಅವರು ಕಲಿಸಿದ ವಿದ್ಯೆಯಿಂದ. ನನ್ನದೂ ಅಷ್ಟೆ. ಆದರೂ ಅವನ ಮಾತಿಗೆ ನನ್ನ ತುಟಿಯಲ್ಲೂ ನಗೆ ಬಂದುಹೋಯಿತು. ಅವರ ಸಾವಿಗೆ ಅಳುವವರು ಯಾರಿದ್ದಾರೆ ಎಂದು ಇಬ್ಬರೂ ಒಂದು ಚಹಾ ಮುಗಿಯುವವರೆಗೆ ಯೋಚಿಸಿದೆವು. ಒಂದೇ ಹೆಸರು ಹೊಳೆಯಿತು. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಎಂಬತ್ತರ ದಶಕದ ನಡುವೆ ಸಿಂಧನೂರಿನ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವರ ಟೈಪಿಂಗ್ ಕ್ಲಾಸ್ ಇತ್ತು. ಮುಂದಿನ ಕೋಣೆಯಲ್ಲಿ ಏಳೆಂಟು ಮಷಿನ್, ಹಿಂದೆ ಮನೆ. ಸುಗ್ಗಿಯಲ್ಲಿ ಭತ್ತದ ಧೂಳು ಒಳಗೆ ಬಂದು ಕೀಲಿಗಳ ಸಂದಿಯಲ್ಲಿ ಕೂಡುತ್ತಿತ್ತು. ಅದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ನಾವೇ ತೆಗೆಯಬೇಕು. ಕಲಿಯುವವರ ಕೈಗಳ ಮೇಲೆ ಅವರು ಮುಂದಿನ ಹಲಗೆ ತೆಗೆದ ಕಟ್ಟಿಗೆ ಡಬ್ಬಿಯೊಂದನ್ನು ಬೋರಲು ಹಾಕುತ್ತಿದ್ದರು, ಅಕ್ಷರ ಕಾಣಬಾರದೆಂದು. ಡಬ್ಬಿಯ ಪಕ್ಕದಲ್ಲಿ ಕಬ್ಬಿಣದ ಸ್ಕೇಲ್. ಯಾವ ಬೆರಳು ತಪ್ಪಿತೆಂದು ಅವರಿಗೆ ಸಪ್ಪಳದಿಂದಲೇ ಗೊತ್ತಾಗುತ್ತಿತ್ತು. ಡಬ್ಬಿ ಎತ್ತಿ ಅದೇ ಬೆರಳಿನ ಗಿಣ್ಣಿಗೆ ಬಾರಿಸಿ ಮತ್ತೆ ಮುಚ್ಚುತ್ತಿದ್ದರು. ಮುಖದಲ್ಲಿ ಸಿಟ್ಟು ಇರುತ್ತಿರಲಿಲ್ಲ. ಬಾಗಿಲಿಗೆ ಅಗುಳಿ ಹಾಕುವ ಹೆಂಗಸಿನ ಮುಖದ ಹಾಗೆ ಇರುತ್ತಿತ್ತು.

ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಊರಿನ ಹೆಸರೇ ನಮ್ಮ ಹೆಸರು. "ಏ ಮಸ್ಕಿ, ಕಣ್ಣು ಕಾಗದದ ಮ್ಯಾಲ" ಎಂದರೆ ನಾನು. ನನ್ನ ನಂತರ ಮಸ್ಕಿಯಿಂದ ಮತ್ತೊಬ್ಬ ಸೇರಿದಾಗ ಅವನು ಸಣ್ಣ ಮಸ್ಕಿ ಆದ, ನನಗಿಂತ ಮೊಳ ಎತ್ತರವಿದ್ದರೂ.

ಮುಕ್ಕುಂದದಿಂದ ಒಬ್ಬ ಹುಡುಗ ಬರುತ್ತಿದ್ದ. ರಾಶಿ ಮಾಡುವ ಮಷಿನ್ನಿಗೆ ಸಿಕ್ಕು ಅವನ ಬಲಗೈಯ ಒಂದು ಬೆರಳು ಬುಡದವರೆಗೆ ಹೋಗಿತ್ತು. ಉಳಿದ ಒಂಬತ್ತರಲ್ಲಿ ಅವನು ನಮ್ಮೆಲ್ಲರಿಗಿಂತ ಬೇಗ ಹೊಡೆಯುತ್ತಿದ್ದ. ಅಕ್ಕೋರು ಒಂದು ವಾರ ಅವನ ಹಿಂದೆ ನಿಂತು ನೋಡಿದರು. ಸ್ಕೇಲ್ ಒಮ್ಮೆಯೂ ಎತ್ತಲಿಲ್ಲ. ಶನಿವಾರ ಕ್ಲಾಸು ಮುಗಿಯುವಾಗ ಹೇಳಿದರು: "ನೌಕರಿ ಕೊಡೋರು ಮೊದಲು ಬೆರಳು ಎಣಿಸ್ತಾರ, ಆಮ್ಯಾಲ ಸ್ಪೀಡ್ ನೋಡ್ತಾರ. ನಾಳಿಂದ ಬರಬ್ಯಾಡ. ಬ್ಯಾರೆ ಕೆಲಸ ಕಲಿ." ಹುಡುಗ ಚಪ್ಪಲಿ ಮೆಟ್ಟಿಕೊಂಡು ಹೋದ. ಮುಂದೆ ರೈಸ್ ಮಿಲ್ಲಿನ ಟ್ರ್ಯಾಕ್ಟರ್ ಓಡಿಸುವ ಕೆಲಸ ಹಿಡಿದ. ಆ ಓಣಿಯಲ್ಲಿ ಹಾಯುವಾಗಲೆಲ್ಲ ಕ್ಲಾಸಿನ ಎದುರು ಹಾರ್ನ್ ಒತ್ತಿ ಹಿಡಿಯುತ್ತಿದ್ದ. ಅಕ್ಕೋರು ತಲೆ ಎತ್ತುತ್ತಿರಲಿಲ್ಲ. "ಹೊಡೀರಿ, ಹಾರ್ನ್ ಕೇಳಾಕ ಬಂದಿರೇನು" ಎನ್ನುತ್ತಿದ್ದರು.

ನಮ್ಮಪ್ಪ ಒಮ್ಮೆ ಸಂತೆಗೆ ಬಂದವನು ಒಂದು ಗಡಿಗೆ ಬೆಣ್ಣೆ ಹಿಡಿದು ಕ್ಲಾಸಿನ ಮೆಟ್ಟಿಲ ಬಳಿ ನಿಂತ. "ಅಕ್ಕೋರ, ನಮ್ಮ ಹುಡುಗ ಹೆಂಗ ಕಲ್ಯಾಕತ್ತಾನ್ರಿ?"

"ಎತ್ತಿಗೆ ಕಲಿಸಿದ್ರ ಇಷ್ಟತ್ತಿಗೆ ಕಲೀತಿತ್ತು" ಎಂದರು.

ಅಪ್ಪ ಸ್ವಲ್ಪ ಯೋಚಿಸಿ, "ಹಂಗಾರ ಎತ್ತಿಗೆ ಹೊಡದಂಗ ಹೊಡೀರಿ" ಎಂದ.

"ಅದನ್ನ ಮಾಡಾಕತ್ತೀನಿ."

ಬೆಣ್ಣೆ ವಾಪಸು ಕೊಟ್ಟು ಕಳಿಸಿದರು. ಅಪ್ಪ ಬಹಳ ಖುಷಿಯಿಂದ ಊರಿಗೆ ಹೋದ. ಲಂಚ ತಿನ್ನದ ಮಾಸ್ತರರನ್ನು ಅವನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿ ಅಂಕಪಟ್ಟಿ ತೋರಿಸಲು ಹೋದಾಗ ಅಕ್ಕೋರು ಅದನ್ನು ಬೆಳಕಿಗೆ ಹಿಡಿದು, "ಉಳಿದ ಮಾರ್ಕ್ಸ್ ಎಲ್ಲಿ ಕಳಕೊಂಡಿ?" ಎಂದು ಕೇಳಿದರು. ಅವರ ಪ್ರಪಂಚದಲ್ಲಿ ಎರಡೇ ಜಾತಿ. ತಪ್ಪಿದ್ದ ಹಾಳೆ, ತಪ್ಪಿಲ್ಲದ ಹಾಳೆ.

ಹಿಂದಿನ ಮನೆಯಲ್ಲಿ ಅವರ ತಂಗಿ ಗಿರಿಜಾ ಇದ್ದಳು. ತಂದೆ ತಾಯಿ ಬೇಗ ಹೋಗಿದ್ದರು. ಅಕ್ಕೋರಿಗಿಂತ ಬಹಳ ಸಣ್ಣವಳಾದ ಗಿರಿಜಾಳನ್ನು ಅವರೇ ಸಾಕಿದ್ದು. ಕುರ್ಚಿಯ ಮೇಲೆ ಇಟ್ಟಿಗೆ ಜೋಡಿಸಿ, ಅದರ ಮೇಲೆ ಕೌದಿ ಹಾಸಿ, ಎಂಟು ವರ್ಷದವಳನ್ನು ಮಷಿನ್ನಿನ ಎದುರು ಕೂಡಿಸಿದ್ದರಂತೆ. ಆ ಹುಡುಗಿಯ ಗಿಣ್ಣುಗಳು ನಮ್ಮ ಗಿಣ್ಣುಗಳಿಗಿಂತ ಹೆಚ್ಚು ಕಂಡಿದ್ದವು. ನಾನು ಕಲಿಯುವ ಹೊತ್ತಿಗೆ ಅವಳ ಕೈ ನೋಡುವಂತಿತ್ತು. ಒಮ್ಮೆ ಹುಡುಗರ ಒತ್ತಾಯಕ್ಕೆ ಅಕ್ಕ ತಂಗಿ ಎದುರುಬದುರು ಕೂತು ಒಂದೇ ಪುಟವನ್ನು ಹೊಡೆದರು. ಗಿರಿಜಾ ಮುಗಿಸಿ, ಹಾಳೆ ತೆಗೆದು, ಅಕ್ಕನ ಕೊನೆಯ ಸಾಲುಗಳನ್ನು ಮೈಮರೆತು ನೋಡುತ್ತ ಕೂತಳು. ಅಕ್ಕೋರು ಎದ್ದು ಅವಳ ಹಾಳೆ ಇಸಿದುಕೊಂಡು ತಪ್ಪು ಹುಡುಕಿದರು. ಇರಲಿಲ್ಲ. "ಒಲಿ ಮ್ಯಾಲ ಬ್ಯಾಳಿ ಇಟ್ಟೀನಿ, ಹೋಗಿ ನೋಡು" ಎಂದು ಒಳಗೆ ಅಟ್ಟಿದರು. ಆಮೇಲೆ ಅವರು ನಮ್ಮ ಎದುರು ಮಷಿನ್ ಮುಟ್ಟಿದ್ದನ್ನು ನಾನು ಕಾಣೆ.

ಗಿರಿಜಾಳಿಗೆ ವರ ನೋಡಲು ಬಂದವರಿದ್ದರು. ಒಬ್ಬ ಹುಡುಗನ ಕೈಬರಹ ಕೆಟ್ಟದಾಗಿದೆ ಎಂದು ಅಕ್ಕೋರು ಅವನನ್ನು ಬೇಡವೆಂದರು. ಇನ್ನೊಬ್ಬನ ತಾಯಿಯ ಎದುರೇ, "ನಿಮ್ಮ ಮಗ ಬಾಯಿ ಮುಚ್ಚಿ ಉಣ್ಣೂದು ಕಲ್ತಾನೇನ್ರಿ?" ಎಂದು ಕೇಳಿದರು. ಬರುವವರು ನಿಂತರು.

ತೊಂಬತ್ತರ ದಶಕದ ಕೊನೆಗೆ ಟೈಪಿಂಗ್ ಕಲಿಯುವವರು ಕಡಿಮೆಯಾದಾಗ ಅಕ್ಕೋರು ಮನೆಗೊಂದು ಕಂಪ್ಯೂಟರ್ ತರಿಸಿದರು. ಜೋಡಿಸಿಕೊಡಲು ಲಿಂಗಸುಗೂರಿನಿಂದ ನನ್ನನ್ನು ಕರೆಸಿದರು. ಅದರ ಮೇಲೆ ಕೂತು ಕೆಲಸ ಮಾಡಿದವಳು ಗಿರಿಜಾ. ಲಗ್ನಪತ್ರಿಕೆ, ಅರ್ಜಿ, ಹುಡುಗರ ಪ್ರಾಜೆಕ್ಟು ಎಲ್ಲ ಹೊಡೆದುಕೊಡುತ್ತಿದ್ದಳು. ಒಂದು ದಿನ ಅಕ್ಕೋರು ಅದರಲ್ಲಿ ಹೊಡೆದಿಟ್ಟಿದ್ದ ಇಂಗ್ಲಿಷ್ ಪತ್ರವೊಂದರಲ್ಲಿ ಒಂದು ಸ್ಪೆಲಿಂಗನ್ನು ಅವಳು ತಿದ್ದಿದಳಂತೆ. ಮಾರನೇ ದಿನವೇ ನನಗೆ ಬುಲಾವು.

"ನನ್ನ ಕಾಗದಕ್ಕ ಆಕಿ ಕೈ ಹಚ್ಚಬಾರದು, ಆಕೀದಕ್ಕ ನಾ ಹಚ್ಚೂದಿಲ್ಲ. ಹಂಗ ಕೀಲಿ ಹಾಕಿಕೊಡು" ಎಂದರು.

ಮನೆಗಳಲ್ಲಿ ಬಳಸುವ ಸಾದಾ ಸಿಸ್ಟಮ್ಮಿನಲ್ಲಿ ಅಂಥ ಕೀಲಿ ಇರಲಿಲ್ಲ, ಯಾರು ಬೇಕಾದರೂ ಯಾರ ಫೈಲನ್ನಾದರೂ ತೆಗೆಯಬಹುದಿತ್ತು. ದೊಡ್ಡ ಆಫೀಸುಗಳಲ್ಲಿ ಹಾಕುವ ಬೇರೊಂದು ಆಪರೇಟಿಂಗ್ ಸಿಸ್ಟಮ್ ನಮ್ಮ ಸೆಂಟರಿನಲ್ಲಿತ್ತು. ಅದರಲ್ಲಿ ಪ್ರತಿಯೊಬ್ಬರಿಗೂ ಬೇರೆ ಖಾತೆ, ಬೇರೆ ಪಾಸ್‌ವರ್ಡ್. ಪ್ರತಿ ಫೈಲಿಗೂ ಒಬ್ಬ ಮಾಲಕ. ಅವನು ಪರವಾನಗಿ ಕೊಟ್ಟವರು ಮಾತ್ರ ಅದನ್ನು ತೆಗೆಯಬಹುದು. ಅದನ್ನೇ ಹಾಕಿದೆ. ಇಡೀ ಯಂತ್ರದ ಯಜಮಾನಿಕೆ ಅಕ್ಕೋರ ಖಾತೆಗೆ, ಗಿರಿಜಾಳ ಫೋಲ್ಡರ್ ಗಿರಿಜಾಳಿಗೆ ಮಾತ್ರ.

ಆ ಫೋಲ್ಡರಿನಲ್ಲಿ ಗಿರಿಜಾ ಒಂದು ಪುಸ್ತಕ ಬರೆಯಲು ಕೂತಳು. ಕಂಪ್ಯೂಟರಿನ ಕೀಬೋರ್ಡಿನಲ್ಲಿ ಕನ್ನಡ ಕಲಿಯುವವರಿಗೆ ಪಾಠಗಳು. ಯಾವ ಅಕ್ಷರಕ್ಕೆ ಯಾವ ಬೆರಳು, ಅಭ್ಯಾಸಕ್ಕೆ ಯಾವ ಸಾಲು. ಹಳೆಯ ಟೈಪಿಂಗ್ ಮಷಿನ್ನಿನ ಅಕ್ಷರಗಳ ಜಾಗವೇ ಬೇರೆ, ಇದರದೇ ಬೇರೆ. ಇದಕ್ಕೆ ನಮ್ಮ ಕಡೆ ಪುಸ್ತಕವೇ ಇರಲಿಲ್ಲ. ರಾಯಚೂರಿನ ಪ್ರೆಸ್ಸಿನವರೊಬ್ಬರು ಅಚ್ಚು ಹಾಕಲು ಒಪ್ಪಿದ್ದರು.

ಪುಸ್ತಕ ಮುಗಿಯುವ ಮೊದಲೇ ಗಿರಿಜಾ ಮನೆ ಬಿಟ್ಟು ಹೋದಳು.

ಹೋದದ್ದು ನಿತಾಯಿಯ ಜೊತೆ. ಅವನು ಊರ ಹತ್ತಿರ ಬಂಗಾಲಿ ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನವನು. ತಿಂಗಳಿಗೊಮ್ಮೆ ಬಂದು ಕ್ಲಾಸಿನ ಮಷಿನ್‌ಗಳನ್ನು ಬಿಚ್ಚಿ, ಎಣ್ಣೆ ಬಿಟ್ಟು, ಜೋಡಿಸಿ ಹೋಗುತ್ತಿದ್ದ ರಿಪೇರಿಯವನು. ಮಾತು ಕಡಿಮೆ, ಇದ್ದಷ್ಟೂ ಮೆತ್ತಗೆ. ಇಬ್ಬರೂ ಅಕ್ಕೋರ ಎದುರು ನಿಂತು ಕೇಳಿದ್ದರಂತೆ. ಅಕ್ಕೋರು ಅವನಿಗೆ, "ಸ್ಕ್ರೂಡ್ರೈವರ್ ಎಲ್ಲಿ ತಿರುವಬೇಕೋ ಅಲ್ಲಿ ತಿರುವು" ಎಂದರಂತೆ. ಮಾರನೇ ವಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತು.

ಕೆಲವು ದಿನಗಳಾದ ಮೇಲೆ ನನಗೆ ಫೋನ್ ಬಂತು. "ಮಿಷನ್ ಕೆಟ್ಟೈತಿ. ಬಾ." ಹೋಗಿ ನೋಡಿದರೆ ಕೆಟ್ಟಿರಲಿಲ್ಲ. ಅಕ್ಕೋರು ಗಿರಿಜಾಳ ಖಾತೆಯನ್ನು ಅಳಿಸಿಹಾಕಿದ್ದರು. ಅಳಿಸಿದ ಮೇಲೆ ಅವಳ ಫೋಲ್ಡರ್ ಯಾರಿಗೂ ತೆರೆಯುತ್ತಿರಲಿಲ್ಲ. ಪ್ರೆಸ್ಸಿನವರು ಪುಸ್ತಕ ಕೇಳುತ್ತಿದ್ದರು.

ನಾನು ಅಕ್ಕೋರ ಖಾತೆಯಿಂದ ಒಳಗೆ ಹೋಗಿ ಫೋಲ್ಡರಿನ ಮಾಲಕರು ಯಾರೆಂದು ನೋಡಿದೆ. ಹೆಸರಿನ ಜಾಗದಲ್ಲಿ ಅಪರಿಚಿತ ಖಾತೆ ಎಂಬ ಅರ್ಥದ ಇಂಗ್ಲಿಷ್ ಪದಗಳಿದ್ದವು.

"ಯಾರ ಹೆಸರೈತಿ?" ಎಂದರು ಹಿಂದಿನಿಂದ.

"ಹೆಸರಿಲ್ರಿ. ಗುರ್ತಿಲ್ಲದವರು ಅಂತ ಐತಿ."

"ಬರೋಬ್ಬರಿ ಐತಿ."

ಯಜಮಾನಿ ಖಾತೆಗೆ ಒಂದು ಹಕ್ಕಿರುತ್ತದೆ. ಯಾರ ಫೈಲಿನ ಒಡೆತನವನ್ನಾದರೂ ತಾನು ತೆಗೆದುಕೊಳ್ಳಬಹುದು. ಗುಂಡಿ ಒತ್ತಿದೆ. ಮಾಲಕರ ಜಾಗದಲ್ಲಿ ಅಕ್ಕೋರ ಹೆಸರು ಬಂತು. ಆದರೂ ಫೈಲು ತೆರೆಯಲಿಲ್ಲ, ಪ್ರವೇಶವಿಲ್ಲ ಎಂದೇ ಹೇಳಿತು.

"ಮಾಲಕಳು ನಾನಾದ ಮ್ಯಾಲೂ ಯಾಕ ಬಿಡವಲ್ದು?"

"ಒಡೆತನ ಬ್ಯಾರೆ, ಪರವಾನಗಿ ಬ್ಯಾರೆ ರೀ. ಈಗ ನೀವು ಮಾಲಕರಾದ್ರಿ. ಇನ್ನ ನಿಮಗ ನೀವೇ ಪರವಾನಗಿ ಬರಕೊಳ್ಳಬೇಕು. ಒಳಗಿನ ಫೋಲ್ಡರಿಗೂ ಅದನ್ನ ಹಚ್ಚಬೇಕು."

ಹಚ್ಚಿದೆ. ಸಾಲುಸಾಲಾಗಿ ಫೈಲುಗಳ ಹೆಸರು ಹಾದುಹೋದವು. ಕೆಲಸ ನಡೆಯುವಾಗ ಸುಮ್ಮನೆ ಹೇಳಿದೆ, "ಈ ಸಿಸ್ಟಮ್ಮಿನಾಗ ಒಂದು ವಿಚಿತ್ರ ನೋಡ್ರಿ. ಒಡೆತನ ಇನ್ನೊಬ್ಬರಿಗೆ ಕೊಡಾಕ ಬರೂದಿಲ್ಲ. ತಗೊಳ್ಳೋರೇ ಬಂದು ತಗೋಬೇಕು."

ಅಕ್ಕೋರು ಮೆಚ್ಚಿಕೊಂಡಂತೆ ತಲೆ ಆಡಿಸಿದರು.

ಪುಸ್ತಕ ತೆರೆಯಿತು. ಮೊದಲ ಪುಟದ ನಡುವೆ ಎರಡೇ ಪದ: ನನ್ನ ಅಕ್ಕನಿಗೆ. ನಾನು ತಿರುಗಿ ನೋಡಲಿಲ್ಲ. ಹಿಂದೆ ಉಸಿರಾಟ ಕೇಳುತ್ತಿತ್ತು. ಅಕ್ಕೋರು, "ಈ ಪುಟ ತೆಗಿ" ಎಂದರು. ನನ್ನ ಕೈ ನಿಂತದ್ದು ಕಂಡು ತಾವೇ ಬಗ್ಗಿ, ಒಂದೊಂದೇ ಅಕ್ಷರ ಹಿಂದಕ್ಕೆ ಅಳಿಸಿದರು. ಆ ಜಾಗದಲ್ಲಿ ತಮ್ಮ ಹೆಸರನ್ನೂ ಅದರ ಕೆಳಗೆ ಕ್ಲಾಸಿನ ಹೆಸರನ್ನೂ ಇಂಗ್ಲಿಷಿನಲ್ಲೇ ಹೊಡೆದರು. ವರ್ಷಗಳ ಮೇಲೆ ಅವರ ಬೆರಳು ಆಡುವುದನ್ನು ಅವತ್ತು ನೋಡಿದೆ.

ಮುಂದಿನ ಚಳಿಗಾಲದಲ್ಲಿ ಪ್ರಿಂಟರ್ ನೋಡಲು ಅಲ್ಲಿಗೆ ಹೋಗಿದ್ದೆ. ಆಗ ಗಿರಿಜಾ ಬಂದಳು. ಮೈ ಇಳಿದಿತ್ತು, ಮುಖ ಮಾತ್ರ ಗೆಲುವಾಗಿತ್ತು. ಕೈಯಲ್ಲಿ ಖಾಲಿ ಫ್ಲಾಪಿ. ನಿತಾಯಿ ಹೊರಗೆ ಸೈಕಲ್ ಹಿಡಿದು ನಿಂತಿದ್ದ.

"ಅಕ್ಕ, ಕ್ಯಾಂಪಿನಾಗ ಒಂದು ಕೋಣಿ ಹಿಡದೀವಿ. ಹುಡುಗೂರಿಗೆ ಕಲಸ್ಬೇಕಂತ ಮಾಡೀನಿ. ನನ್ನ ಪುಸ್ತಕದ್ದು ಒಂದು ಕಾಪಿ ತಗೋತೀನಿ."

ಅಕ್ಕೋರು ಜಗಳವಾಡಲಿಲ್ಲ. "ತಗೋ. ನಿಂದಿದ್ರ ನಿನ್ನ ಹೆಸರಿಲೆ ಒಳಗ ಹೋಗಿ ತಗೊಂಡು ಹೋಗು. ನಾ ಅಡ್ಡ ಬರೂದಿಲ್ಲ" ಎಂದು ತಾವೇ ಕಂಪ್ಯೂಟರಿನ ಎದುರು ಕೂತು ಗಿರಿಜಾ ಎಂದು ಹೊಸ ಖಾತೆ ತೆರೆದರು. ಹಳೆಯ ಖಾತೆಯ ಹೆಸರಿನಲ್ಲಿದ್ದ ಅಕ್ಷರಗಳೇ, ಅದೇ ಕ್ರಮದಲ್ಲಿ. ಪಾಸ್‌ವರ್ಡ್ ಹಾಕು ಎಂದು ಎದ್ದು ಜಾಗ ಕೊಟ್ಟರು.

ಗಿರಿಜಾ ಕೂತಳು. ತನ್ನ ಫೋಲ್ಡರ್ ಒತ್ತಿದಳು. ಪ್ರವೇಶವಿಲ್ಲ. ಮತ್ತೆ ಒತ್ತಿದಳು. ನನ್ನ ಕಡೆ ತಿರುಗಿದಳು. "ಅಣ್ಣಾರ, ಇದು ನನ್ನ ಹೆಸರೇ ಐತಲ್ರಿ?"

"ಹೆಸರು ನಿಂದೇ ಅವ್ವ. ಖಾತೆ ಹೊಸದು. ಮಿಷನ್ ಹೆಸರು ನೋಡೂದಿಲ್ಲ, ಖಾತೆಗೆ ಅದು ಒಳಗೊಂದು ನಂಬರ್ ಇಟ್ಕೊಂಡಿರ್ತೈತಿ. ಹಳೇದು ಅಳಿಸಿದ ಮ್ಯಾಲ ಅದು ತಿರುಗಿ ಬರೂದಿಲ್ಲ." ಅಕ್ಕೋರಿಗೆ ಹೇಳಿದೆ, "ಅಕ್ಕೋರ, ನೀವು ಒಂದು ಪರವಾನಗಿ ಕೊಟ್ರ ಮುಗೀತು. ಎರಡು ನಿಮಿಷದ ಕೆಲಸ."

"ಕೇಳಿದೇನು?" ಎಂದರು ಅಕ್ಕೋರು ತಂಗಿಗೆ. "ಮಿಷನ್ ಸುದ್ದಾ ನಿನ್ನ ಗುರ್ತು ಹಿಡೀವಲ್ದು."

ಖಾತೆ ಅಳಿಸುವಾಗ ಆ ಸಿಸ್ಟಮ್ ಒಂದು ಎಚ್ಚರಿಕೆ ಕೊಡುತ್ತದೆ. ಇದನ್ನು ಅಳಿಸಿ ಮುಂದೆ ಇದೇ ಹೆಸರಿನಲ್ಲಿ ಮತ್ತೊಂದು ತೆರೆದರೂ ಹಳೆಯ ಫೈಲುಗಳು ಸಿಗುವುದಿಲ್ಲ ಎಂದು ಸ್ಪಷ್ಟ ಇಂಗ್ಲಿಷಿನಲ್ಲಿ ಬರುತ್ತದೆ. ಅಲ್ಪವಿರಾಮ ಬಿಡದೆ ಓದುವ ಹೆಂಗಸು ಅದನ್ನು ಓದಿರಲಿಲ್ಲವೆಂದು ನಾನು ನಂಬಲಾರೆ. ಏನಾಗುತ್ತದೆಂದು ಗೊತ್ತಿದ್ದೇ ಅವರು ಆ ಖಾತೆ ತೆರೆದಿದ್ದರು.

ಗಿರಿಜಾ ಅಳಲಿಲ್ಲ. ಫ್ಲಾಪಿಯನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. ತಡವಾಯಿತೆಂದು ನಿತಾಯಿ ಬಾಗಿಲಿಗೆ ಬಂದ. ಅವನನ್ನು ನೋಡಿ ಅಕ್ಕೋರು, "ಬಂದೆಲ್ಲಪ್ಪ, ಚಲೋ ಆತು. ಮೂಲ್ಯಾಗಿನ ಮಷಿನ್ನಿನಾಗ ರಕಾರ ಹಿಡಿಯಾಕತ್ತೈತಿ. ನೋಡಿ ಹೋಗು" ಎಂದರು.

ಅವನು ತಿರುಗಿ ಹೋಗುತ್ತಾನೆಂದು ನಾನು ಅಂದುಕೊಂಡೆ. ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಮಷಿನ್ನಿನ ಮುಂದೆ ಮೊಣಕಾಲೂರಿ ಕೂತು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಅಷ್ಟು ಹೊತ್ತು ಗಿರಿಜಾ ಗೋಡೆಗೆ ಆತು ನಿಂತಿದ್ದಳು. ಅಕ್ಕೋರು ಅವಳಿಗೆ ಕೂಡು ಎನ್ನಲಿಲ್ಲ, ನೀರು ಕೇಳಲಿಲ್ಲ. ನಿತಾಯಿ ರಕಾರವನ್ನು ನಾಲ್ಕಾರು ಸಲ ಹೊಡೆದು ನೋಡಿ, "ಆಯ್ತು ಅಕ್ಕೋರೆ" ಎಂದು ಎದ್ದ. ಇಬ್ಬರೂ ಹೋದರು. ಅವರು ಓಣಿ ತಿರುಗಿದ ಮೇಲೆ ಅಕ್ಕೋರು ಆ ಮಷಿನ್ನಿನ ಹತ್ತಿರ ಹೋಗಿ ರಕಾರ ಒತ್ತಿದರು. ಅದು ಸರಿಯಾಗಿತ್ತು. ಮೊದಲೂ ಸರಿಯಾಗಿತ್ತೋ ಏನೋ ನನಗೆ ಗೊತ್ತಿಲ್ಲ.

ಪುಸ್ತಕ ಅಕ್ಕೋರ ಹೆಸರಿನಲ್ಲಿ ಅಚ್ಚಾಯಿತು. ರಾಯಚೂರು ಜಿಲ್ಲೆಯ ಹೊಸ ಕಂಪ್ಯೂಟರ್ ಸೆಂಟರುಗಳೆಲ್ಲ ಅದನ್ನು ತರಿಸಿಕೊಂಡವು, ನಮ್ಮ ಸೆಂಟರೂ ಸೇರಿ. ಮುಖಪುಟದ ಒಂದು ಪ್ರತಿಯನ್ನು ಅವರು ಕಟ್ಟು ಹಾಕಿಸಿ ಕ್ಲಾಸಿನ ಗೋಡೆಗೆ ತೂಗುಹಾಕಿದ್ದರು. ಅದನ್ನು ನೋಡಲು ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ಹುಡುಗರು ಬರುವುದನ್ನು ಬಿಟ್ಟು ಬಹಳ ದಿನಗಳಾಗಿದ್ದವು. ಸಕ್ಕರೆ ಕಾಯಿಲೆಯಿಂದ ಅವರ ಕಾಲಿಗೆ ಗಾಯವಾಗಿ ಮಾಯಲಿಲ್ಲ. ನೋಡಲು ಬಂದ ಹಳೆಯ ಶಿಷ್ಯರು ಗಾಯವನ್ನು ಚೆನ್ನಾಗಿ ನೋಡಿಕೊಂಡು ಹೋಗಿ ಚಹಾದಂಗಡಿಯಲ್ಲಿ ವರ್ಣಿಸುತ್ತಿದ್ದರು. ಒಂದು ಬೆಳಿಗ್ಗೆ ಹಾಲಿನವಳು ಬಾಗಿಲು ತಟ್ಟಿ ತಟ್ಟಿ ಸಾಕಾಗಿ ನೆರೆಯವರನ್ನು ಕರೆದಳು.

ನಾನು ತಲುಪಿದಾಗ ಅಂಗಳದಲ್ಲಿ ಹತ್ತಿಪ್ಪತ್ತು ಜನ ಇದ್ದರು. ಹೆಚ್ಚಿನವರು ಶಿಷ್ಯರು. ಯಾರ ಕಣ್ಣೂ ಹಸಿಯಾಗಿರಲಿಲ್ಲ. ಗಿರಿಜಾ ಬಂದಿದ್ದಳು. ನಿತಾಯಿ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ. ಪ್ರೆಸ್ಸಿನವರೂ ರಾಯಚೂರಿನಿಂದ ಬಂದಿದ್ದರು. ಸಾವಿನ ಮನೆ ಎಂಬುದನ್ನು ನೋಡದೆ, ಎರಡನೇ ಮುದ್ರಣದ ಮಾತು ತೆಗೆದರು.

ನಾನು ಗಿರಿಜಾಳಿಗೆ ಹೇಳಿದೆ: "ಅವ್ವ, ಯಜಮಾನಿ ಪಾಸ್‌ವರ್ಡ್ ನನಗ ಗೊತ್ತೈತಿ. ಈಗ ನಿನ್ನ ಖಾತೆಗೆ ಪರವಾನಗಿ ಹಾಕಿಕೊಡ್ತೀನಿ. ನೀನೇ ಒಡೆತನ ತಗೋ. ಮುಂದಿನ ಮುದ್ರಣ ನಿನ್ನ ಹೆಸರಿಲೆ ಬರಲಿ. ಇವರಿಗೆ ನಾನೇ ಸಾಕ್ಷಿ ಹೇಳ್ತೀನಿ."

ಪ್ರೆಸ್ಸಿನವರು, "ನಮಗ ಯಾರ ಹೆಸರಾದ್ರೂ ನಡೀತೈತ್ರಿ" ಎಂದರು.

ಗಿರಿಜಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಬ್ಯಾಡ್ರಿ. ಅಕ್ಕನ ಹೆಸರಿಲೇ ಹಾಕ್ರಿ."

ಪ್ರೆಸ್ಸಿನವರು ಕೈಮುಗಿದರು. "ಎಂಥಾ ದೊಡ್ಡ ಮನಸವ್ವ ನಿಂದು."

"ದೊಡ್ಡ ಮನಸಲ್ರಿ. ನಾ ಹೋಗೂ ಹೊತ್ತಿಗೆ ಅದು ಪೂರಾ ಆಗಿದ್ದಿಲ್ಲ. ಒತ್ತಕ್ಷರದ ಪಾಠದಾಗ ಬೆರಳು ಎಲ್ಲಾ ತಪ್ಪದಾವ. ತಿದ್ದಬೇಕಂತ ಇಟ್ಟಿದ್ದೆ. ಅಕ್ಕಗ ಈ ಕೀಬೋರ್ಡಿನಾಗ ಕನ್ನಡ ಬರ್ತಿದ್ದಿಲ್ಲ, ಆಕಿಗೆ ತಿಳೀಲಿಲ್ಲ. ಅದನ್ನ ಕಲ್ತ ಹುಡುಗೂರು ನನ್ನ ಹಂತ್ಯಾಕ ಬರ್ತಾವ, ಅವಕ್ಕೆ ಮೊದಲಿಂದ ಕಲಸಾಕತ್ತೀನಿ. ನಾ ಬ್ಯಾರೆ ಬರದೀನಿ." ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. "ಆ ತಪ್ಪೆಲ್ಲ ಆಕಿ ಹೆಸರಿಲೇ ಇರ್ಲಿ. ಒಂದೂ ತಿದ್ದಬ್ಯಾಡ್ರಿ."

ಒಳಗಿಂದ ಹೆಂಗಸರು ಕೂಗಿದರು, ಮೈ ತೊಳೆಯಲು ನೀರು ಕಾದಿದೆಯೆಂದು. ಗಿರಿಜಾ ಬಕೆಟ್ ಎತ್ತಿಕೊಂಡು ಅಕ್ಕನ ಹತ್ತಿರ ಹೋದಳು.